ಕೆನಡಾದಲ್ಲಿ ಅನಿಮಲ್ ಸೈನ್ಸ್: ಸೇರುವ ಮೊದಲು ಇಷ್ಟು ತಿಳಿದಿರಲಿ

ರಜೆಗೆ ಬ್ರಹ್ಮಾವರದ ಮನೆಗೆ ಬಂದಿದ್ದೇನೆ. ಮೊನ್ನೆ ಕೆನಡಾದ ಬ್ರಾಂಪ್ಟನ್‌ನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. "ಮಗಳಿಗೆ ದನ, ಕೋಳಿ ಅಂದ್ರೆ ಪ್ರಾಣ ಮಾರಾಯ್ತಿ, ಗ್ವೆಲ್ಫ್ ಯೂನಿವರ್ಸಿಟಿಯಲ್ಲಿ ಅನಿಮಲ್ ಸೈನ್ಸ್‌ಗೆ ಹಾಕ್ತೇನೆ, ನಾಲ್ಕು ವರ್ಷದಲ್ಲಿ ದನದ ಡಾಕ್ಟ್ರಾಗ್ತಾಳಲ್ವಾ?" ಅಂದ. ಆಗುವುದಿಲ್ಲ ಅಣ್ಣ. ಇದು ಗೊತ್ತಿಲ್ಲದೆ ಸೇರಿ, ಎರಡು ವರ್ಷ ಕಳೆದ ಮೇಲೆ ಅತ್ತವರನ್ನು ನಾನು ನೋಡಿದ್ದೇನೆ, ಅದಕ್ಕೇ ಅಲ್ಲಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಬಿವಿಎಸ್ಸಿ, ಅಂದರೆ ಪಶುವೈದ್ಯ ಡಿಗ್ರಿಗೆ ಸೇರುತ್ತಾರೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸಾಕಣೆ, ಮೇವು, ತಳಿ, ಚಿಕಿತ್ಸೆ ಎಲ್ಲವೂ ಅದರೊಳಗೇ ಬರುತ್ತದೆ. ಕೆನಡಾದಲ್ಲಿ ಇವು ಎರಡು ಬೇರೆ ದಾರಿಗಳು. ಅನಿಮಲ್ ಸೈನ್ಸ್ ನಾಲ್ಕು ವರ್ಷದ ಬಿಎಸ್ಸಿ. ಪ್ರಾಣಿಗೆ ಏನು ತಿನ್ನಿಸಬೇಕು, ಯಾವ ತಳಿ ಬೆಳೆಸಬೇಕು, ಕೊಟ್ಟಿಗೆ ಹೇಗಿದ್ದರೆ ಅದಕ್ಕೆ ಹಿತ ಅನ್ನುವುದು ಅಲ್ಲಿನ ಪಾಠ. ಚಿಕಿತ್ಸೆ ಕಲಿಸುವುದು ಡಿವಿಎಂ ಅನ್ನುವ ಪಶುವೈದ್ಯ ಡಿಗ್ರಿ. ಗ್ವೆಲ್ಫ್‌ನಲ್ಲಾಗಲಿ ಸಸ್ಕಟೂನ್‌ನಲ್ಲಾಗಲಿ ಅದಕ್ಕೆ ಅರ್ಜಿ ಹಾಕಲು ಮೊದಲು ಕನಿಷ್ಠ ಎರಡು ವರ್ಷ ಯೂನಿವರ್ಸಿಟಿಯಲ್ಲಿ ಓದಿರಬೇಕು, ಆಮೇಲೆ ಇನ್ನೂ ನಾಲ್ಕು ವರ್ಷ.

ಇಡೀ ದೇಶಕ್ಕೆ ವೆಟರ್ನರಿ ಕಾಲೇಜು ಐದೇ: ಗ್ವೆಲ್ಫ್, ಸಸ್ಕಟೂನ್, ಕ್ಯಾಲ್ಗರಿ, ಸೇಂಟ್ ಹಯಸಿಂತ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್. ಸೇಂಟ್ ಹಯಸಿಂತ್‌ನಲ್ಲಿ ಪಾಠ ಫ್ರೆಂಚ್‌ನಲ್ಲಿ. ಉಳಿದ ಕಡೆ ನೀವು ಯಾವ ಪ್ರಾಂತ್ಯದ ನಿವಾಸಿ ಅನ್ನುವುದರ ಮೇಲೆ ಸೀಟು. ಕ್ಯಾಲ್ಗರಿ ಆಲ್ಬರ್ಟಾದವರಿಗೆ, ಸಸ್ಕಟೂನ್ ಹೆಚ್ಚಾಗಿ ಪಶ್ಚಿಮದ ಉಳಿದ ಪ್ರಾಂತ್ಯಗಳವರಿಗೆ. ಪಿಆರ್ (ಕಾಯಂ ವಾಸದ ಅನುಮತಿ) ಇಲ್ಲದವರಿಗೆ ಸೀಟು ತೀರಾ ಕಡಿಮೆ, ಫೀಸು ಬಹಳ ಜಾಸ್ತಿ. ಹಾಗಾಗಿ ಬೇರೆ ಪ್ರಾಂತ್ಯಕ್ಕೆ ಮನೆ ಬದಲಿಸುವ ಯೋಚನೆ ಇದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಊರಿನಿಂದ ಬಿವಿಎಸ್ಸಿ ಮುಗಿಸಿ ಬಂದವರ ದಾರಿ ಬೇರೆ. ಅವರು ಮತ್ತೆ ಕಾಲೇಜಿಗೆ ಹೋಗಬೇಕೆಂದಿಲ್ಲ, ಕೆನಡಾದ ವೆಟರ್ನರಿ ಸಂಘದ ಪರೀಕ್ಷಾ ಮಂಡಳಿ ನಡೆಸುವ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳನ್ನು ಒಂದೊಂದಾಗಿ ಪಾಸಾಗಬೇಕು. ಖರ್ಚಿದೆ, ಸಮಯ ಹಿಡಿಯುತ್ತದೆ. ಆದರೂ ಡಿಗ್ರಿ ವ್ಯರ್ಥವಾಯಿತು ಎಂದು ಕೈಚೆಲ್ಲಬೇಡಿ.

ಹಾಗಾದರೆ ಅನಿಮಲ್ ಸೈನ್ಸ್ ಯಾಕೆ ಓದಬೇಕು? ನಾನು ಓದಿದ್ದು ಅದನ್ನೇ. ಸಸ್ಕಟೂನ್‌ನಲ್ಲಿ ಅನಿಮಲ್ ಅಂಡ್ ಪೌಲ್ಟ್ರಿ ಸೈನ್ಸ್ ಅಂತಲೇ ಒಂದು ವಿಭಾಗವಿದೆ. ನಮ್ಮ ಕಡೆ ಫಾರಂ ಕೋಳಿಗೆ ಮೆಕ್ಕೆಜೋಳ, ಸೋಯಾ ಹಿಂಡಿ. ಅಲ್ಲಿನ ಬಯಲುಸೀಮೆಯಲ್ಲಿ ಕೋಳಿಗೆ ಗೋಧಿ ಹಾಕುತ್ತಾರೆ. ಗೋಧಿಯ ನಾರು ಕರುಳಿನೊಳಗೆ ಅಂಟಂಟಾಗಿ, ತಿಂದದ್ದು ಸರಿಯಾಗಿ ಮೈಗೆ ಹತ್ತುವುದಿಲ್ಲ, ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟೂ ಒದ್ದೆಯಾಗುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಆಹಾರಕ್ಕೆ ಬೆರೆಸಿದರೆ ಅದೇ ಗೋಧಿಯಲ್ಲಿ ಕೋಳಿ ಚೆನ್ನಾಗಿ ಬೆಳೆಯುತ್ತದೆ. ಮೈನಸ್ ಮೂವತ್ತರ ಚಳಿಯಲ್ಲಿ ಶೆಡ್ಡಿಗೆ ನಡೆದು ಹೋಗಿ ಮರಿಗಳನ್ನು ತೂಗುತ್ತಾ ಇದನ್ನು ಕಣ್ಣಾರೆ ಕಂಡಾಗ ಆದ ಖುಷಿ ಇವತ್ತಿಗೂ ಇದೆ.

ಕೆಲಸದ ವಿಷಯಕ್ಕೆ ಬಂದರೆ, ಅಲ್ಲಿ ಹಾಲು, ಕೋಳಿ, ಟರ್ಕಿ, ಮೊಟ್ಟೆ ಎಲ್ಲಕ್ಕೂ ಕೋಟಾ, ಅಂದರೆ ಇಷ್ಟೇ ಮಾರಬಹುದು ಎಂಬ ಹಕ್ಕು ಇದೆ. ಇಲ್ಲಿ ನಮ್ಮಮ್ಮ ಎರಡು ದನ ಕಟ್ಟಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಹಾಗೆ ಅಲ್ಲಿ ಆಗುವುದಿಲ್ಲ, ಮಾರಲು ಕೋಟಾ ಬೇಕು, ಕೋಟಾಕ್ಕೆ ಭಾರೀ ದುಡ್ಡು ಬೇಕು. ಸ್ವಂತ ಫಾರಂ ಕನಸು ಅಷ್ಟು ಸುಲಭವಲ್ಲ. ಆದರೆ ಫೀಡ್ ಕಂಪನಿ, ಹ್ಯಾಚರಿ, ತಳಿ ಕಂಪನಿಗಳಲ್ಲಿ ಕೆಲಸ ಸಿಗುತ್ತದೆ. ಮೊಟ್ಟೆ ಕೋಳಿಗಳನ್ನು ಹಳೆಯ ಮಾದರಿಯ ಪಂಜರದಿಂದ 2036ರೊಳಗೆ ಹೊರತರಬೇಕೆಂಬ ನಿಯಮ ಬಂದಿರುವುದರಿಂದ, ಹೊಸ ಶೆಡ್ಡುಗಳಲ್ಲಿ ಕೋಳಿ ಹೇಗೆ ಬದುಕುತ್ತದೆ ಎಂದು ತಿಳಿದವರು ಬೇಕಾಗಿದ್ದಾರೆ.

ಎಂಎಸ್ಸಿ ಮಾಡುವವರಿಗೆ ಒಂದು ಮಾತು. ಥೀಸಿಸ್ ಇರುವ ಎಂಎಸ್ಸಿಗೆ ಮಾರ್ಕ್ಸ್ ಮಾತ್ರ ಸಾಲದು, ಒಬ್ಬ ಪ್ರೊಫೆಸರ್ ನಿಮ್ಮನ್ನು ತೆಗೆದುಕೊಳ್ಳುತ್ತೇನೆ ಅನ್ನಬೇಕು. ಸಾಮಾನ್ಯವಾಗಿ ತಿಂಗಳ ಸ್ಟೈಪೆಂಡ್ ಬರುವುದೂ ಅವರ ಪ್ರಾಜೆಕ್ಟಿನ ಹಣದಿಂದಲೇ. ನಾನು ಮೊದಲು ನಲವತ್ತು ಜನರಿಗೆ ಒಂದೇ ಪತ್ರ ಕಳಿಸಿದ್ದೆ, ಒಬ್ಬರೂ ಉತ್ತರ ಕೊಡಲಿಲ್ಲ. ಆಮೇಲೆ ಒಬ್ಬರ ಸಂಶೋಧನೆ ಓದಿ, ನನಗೆ ಅರ್ಥವಾಗದ ಒಂದು ಜಾಗದ ಬಗ್ಗೆ ಕೇಳಿ ಬರೆದೆ. ಮೂರನೇ ದಿನ ಉತ್ತರ ಬಂತು.

ಇನ್ನು ಅಣ್ಣನ ಮಗಳಂಥ ಶಾಲೆಯ ಮಕ್ಕಳು. ಹನ್ನೆರಡನೇ ಗ್ರೇಡಿನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಗಣಿತ ಬಿಡಬಾರದು. ಅದರ ಜೊತೆಗೆ ಪ್ರಾಣಿಗಳ ಹತ್ತಿರ ಕೆಲಸ ಮಾಡಿದ ಅನುಭವ ಬೇಕು, ಮುಂದೆ ಡಿವಿಎಂಗೆ ಅರ್ಜಿ ಹಾಕುವಾಗ ಇದನ್ನು ಕೇಳುತ್ತಾರೆ. ಫೋರ್-ಎಚ್ ಅಂತ ಹಳ್ಳಿಗಾಡಿನ ಮಕ್ಕಳ ಕ್ಲಬ್ಬುಗಳಿವೆ, 1913ರಲ್ಲಿ ಮ್ಯಾನಿಟೋಬಾದಲ್ಲಿ ಶುರುವಾದವು. ಪೇಟೆಯ ಮಕ್ಕಳೂ ಸೇರಬಹುದು, ಒಂದು ಕರುವನ್ನು ತಾವೇ ನೋಡಿಕೊಂಡು ಬೆಳೆಸಬಹುದು. ನಮ್ಮವರು ಮಕ್ಕಳನ್ನು ಗಣಿತದ ಟ್ಯೂಷನ್‌ಗೆ ಕಳಿಸುತ್ತಾರೆ, ಇದಕ್ಕೆ ಕಳಿಸುವುದು ಕಡಿಮೆ. ದಯವಿಟ್ಟು ಕಳಿಸಿ.

ಊರಿಗೆ ಬಂದು ಹೋಗುವವರು ಇನ್ನೊಂದು ನೆನಪಿಡಿ. ಕೆನಡಾದ ವಿಮಾನ ನಿಲ್ದಾಣದಲ್ಲಿ, ಹೊರದೇಶದಲ್ಲಿ ಫಾರಂಗೆ ಹೋಗಿದ್ದೀರಾ, ಕೆನಡಾದಲ್ಲಿ ಮತ್ತೆ ಫಾರಂಗೆ ಹೋಗುತ್ತೀರಾ ಎಂದು ಕೇಳುತ್ತಾರೆ. ಮನೆಯ ಹಟ್ಟಿಯೂ ಫಾರಂ ಲೆಕ್ಕವೇ. ನಮ್ಮಲ್ಲಿ ಕಾಲುಬಾಯಿ ರೋಗ ಇನ್ನೂ ಇದೆ, ಅಲ್ಲಿ 1952ರ ನಂತರ ಬಂದಿಲ್ಲ. ಹಟ್ಟಿಗೆ ಹೋಗಿದ್ದರೆ, ಹೋಗಿದ್ದೆ ಎಂದೇ ಹೇಳಿ. ಹಟ್ಟಿಗೆ ಹಾಕಿದ ಚಪ್ಪಲಿ ಇಲ್ಲೇ ಬಿಡಿ. ನಾನು ಈ ಸಲವೂ ನನ್ನದನ್ನು ಅಮ್ಮನ ಬಚ್ಚಲ ಹಿಂದೆ ಇಟ್ಟೇ ಹೊರಡುತ್ತೇನೆ.