ಬಂಕಿನಲ್ಲಿ ಹತ್ತು ನಿಮಿಷ: ದೂರದ ರ‍್ಯಾಲಿಗೆ ಸವಾರರನ್ನು ಸಿದ್ಧ ಮಾಡಿದ ನನ್ನ ಅನುಭವ

ಬೆಳಗಿನ ಜಾವ ನಾಲ್ಕು ಗಂಟೆ. ಅಭ್ಯಾಸದ ಸವಾರಿಯಲ್ಲಿದ್ದ ನಮ್ಮ ತಂಡದ ಹುಡುಗನೊಬ್ಬ ಪೆಟ್ರೋಲ್ ಬಂಕಿಗೆ ಬಂದು ಬೈಕ್ ನಿಲ್ಲಿಸಿದ. ಸ್ಟ್ಯಾಂಡ್ ಹಾಕಿದ, ಇಳಿದ, ಗ್ಲೌಸ್ ತೆಗೆದ. ಆಮೇಲೆ ಟ್ಯಾಂಕಿನ ಮುಚ್ಚಳದ ಮುಂದೆ ಕೀ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಒಂದು ನಿಮಿಷ ಕಳೆದರೂ ಕೈ ಅಲ್ಲಾಡಲಿಲ್ಲ. ನಾನು ಹತ್ತಿರ ಹೋಗಿ, "ಆ ದೊಡ್ಡ ಸೇತುವೆ ಎಷ್ಟೊತ್ತಿಗೆ ದಾಟಿದೆ?" ಅಂತ ಕೇಳಿದೆ. ಅವನು ನನ್ನ ಮುಖ ನೋಡಿದ. "ಸೇತುವೆ ಬಂತಾ ಅಣ್ಣ?" ಅಂದ.

ಸೇತುವೆ ದಾಟಿ ನಲವತ್ತು ಕಿಲೋಮೀಟರ್ ಆಗಿತ್ತು. ಅಷ್ಟು ದೂರ ಅವನ ಕೈಕಾಲು ಬೈಕ್ ಓಡಿಸಿದ್ದವು, ತಲೆ ಮಾತ್ರ ಎಲ್ಲೋ ಇತ್ತು. ಕೀ ನಾನೇ ಇಸಿದುಕೊಂಡೆ. ಅಲ್ಲೇ ಒಂದು ಬೆಂಚಿನ ಮೇಲೆ ಮಲಗಿಸಿದೆ. ಹೆಲ್ಮೆಟ್ ಪಕ್ಕಕ್ಕೆ ಇಡುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಅವನ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು. ಅಲ್ಲಿಯವರೆಗೆ ನಾನು ಎಲ್ಲರಿಗೂ ಜಾಸ್ತಿ ಹೊತ್ತು ಓಡಿಸುವುದನ್ನೇ ಹೇಳಿಕೊಟ್ಟಿದ್ದೆ. ಹೇಗೆ ನಿಲ್ಲಬೇಕು, ಯಾವಾಗ ಮಲಗಬೇಕು ಅನ್ನುವುದನ್ನು ಒಂದು ದಿನವೂ ಕೂತು ಹೇಳಿರಲಿಲ್ಲ. ಆ ರಾತ್ರಿ ಆದ ಮೇಲೆ ನನ್ನ ತಯಾರಿಯ ಕ್ರಮವೇ ಬದಲಾಯಿತು.

ದೂರದ ರ‍್ಯಾಲಿ ವೇಗದ ಸ್ಪರ್ಧೆ ಅಲ್ಲ, ಅದು ಮೊದಲು ತಲೆಗೆ ಹೋಗಬೇಕು. ಈ ಬಗೆಯ ರ‍್ಯಾಲಿಗಳಲ್ಲಿ ದೊಡ್ಡ ಹೆಸರು ಅಮೆರಿಕದ ಐರನ್ ಬಟ್ ರ‍್ಯಾಲಿಯದು. 1984ರಲ್ಲಿ ಶುರುವಾಯಿತು. 11 ದಿನ, ಸುಮಾರು 11,000 ಮೈಲಿ. ಅದನ್ನು ನಡೆಸುವ ಐರನ್ ಬಟ್ ಅಸೋಸಿಯೇಷನ್ನಿನದೇ ಇನ್ನೊಂದು ಸವಾರಿ ಸ್ಯಾಡಲ್‌ಸೋರ್ 1000. 24 ಗಂಟೆಯೊಳಗೆ 1000 ಮೈಲಿ, ಅಂದರೆ 1609 ಕಿಲೋಮೀಟರ್ ಓಡಿಸಿ, ರಸೀದಿಗಳ ಸಮೇತ ಸಾಬೀತು ಮಾಡಬೇಕು. ನಮ್ಮವರು ಯಾವ ರ‍್ಯಾಲಿಗೆ ಹೊರಟಿದ್ದರೂ ನಾನು ಈ ದೂರವನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲ ದಿನ ಬೈಕ್ ಮುಟ್ಟಿಸುವುದೇ ಇಲ್ಲ. ಕಾಗದ, ಪೆನ್ನು ಕೊಟ್ಟು ಲೆಕ್ಕ ಹಾಕಿಸುತ್ತೇನೆ. 1609 ಕಿಲೋಮೀಟರನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 67 ಬರುತ್ತದೆ. ಇಷ್ಟೇನಾ ಅನಿಸುತ್ತದೆ, ಅಲ್ವಾ? ಈಗ ಚಕ್ರ ಉರುಳುತ್ತಿರುವಾಗಿನ ಸರಾಸರಿ 80 ಅಂತ ಇಟ್ಟುಕೊಳ್ಳಿ. ಓಡಿಸುವುದಕ್ಕೇ 20 ಗಂಟೆ ಬೇಕು. ಮಿಕ್ಕಿದ್ದು ನಾಲ್ಕು ಗಂಟೆಗೂ ಸ್ವಲ್ಪ ಕಡಿಮೆ. 200 ಕಿಲೋಮೀಟರಿಗೆ ಒಮ್ಮೆ ಪೆಟ್ರೋಲ್ ಅಂದರೆ ಎಂಟು ಸಲ ನಿಲ್ಲಬೇಕು. ಒಂದೊಂದು ಸಲಕ್ಕೆ 25 ನಿಮಿಷ ಹೋದರೆ ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ ಕರಗಿತು. ನಿದ್ದೆಗೆ ಅರ್ಧ ಗಂಟೆ ಉಳಿಯಿತು. ಅದೇ ಕೆಲಸ ಹತ್ತು ನಿಮಿಷದಲ್ಲಿ ಮುಗಿಸಿದರೆ ಎರಡೂವರೆ ಗಂಟೆ ಕೈಯಲ್ಲಿ ಇರುತ್ತದೆ. ಬಂಕಿನಲ್ಲಿ ಉಳಿಸಿದ ಈ ಎರಡು ಗಂಟೆಯನ್ನು ವೇಗದಿಂದ ಗಳಿಸುತ್ತೇನೆ ಅಂತ ಹೊರಟರೆ ಸರಾಸರಿಯನ್ನು 80ರಿಂದ 89ಕ್ಕೆ ಏರಿಸಬೇಕು. ಇಡೀ ದಿನ, ಊರುಗಳ ನಡುವೆ, ಕತ್ತಲೆಯಲ್ಲಿ. ಒಮ್ಮೆ ದಾರಿಯಲ್ಲಿ ಓಡಿಸಿ ನೋಡಿದವರಿಗೆ ಅದು ಎಷ್ಟು ಕಷ್ಟ, ಎಷ್ಟು ಅಪಾಯ ಅಂತ ಗೊತ್ತಾಗುತ್ತದೆ.

ಹಾಗಾಗಿ ಎರಡನೇ ದಿನದಿಂದ ನಿಲ್ಲುವ ಅಭ್ಯಾಸ. ಖಾಲಿ ಮೈದಾನದಲ್ಲಿ ಬಂಕ್ ಇದೆ ಅಂತ ಅಂದುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಮಾಡಿಸುತ್ತೇನೆ. ಬೈಕ್ ನಿಲ್ಲುವ ಮೊದಲೇ ಮುಂದೆ ಏನು ಮಾಡಬೇಕು ಅನ್ನುವುದು ಮನಸ್ಸಿನಲ್ಲಿ ಇರಬೇಕು. ಪೆಟ್ರೋಲ್ ತುಂಬಿಸು. ರಸೀದಿ ತಗೋ, ಅಲ್ಲೇ ನಿಂತು ಓದು: ತಾರೀಕು, ಸಮಯ, ಜಾಗ ಮೂರೂ ಅಚ್ಚಾಗಿದೆಯಾ? ಎಷ್ಟೋ ಯಂತ್ರಗಳ ಗಡಿಯಾರ ತಪ್ಪಿರುತ್ತದೆ. ತಪ್ಪಿದ್ದರೆ ಅಲ್ಲೇ ಬರೆದುಕೋ. ಓಡೋಮೀಟರ್, ಅಂದರೆ ಓಡಿದ ಕಿಲೋಮೀಟರ್ ತೋರಿಸುವ ಮೀಟರ್ ಜೊತೆ ರಸೀದಿ ಇಟ್ಟು ಒಂದು ಫೋಟೋ ತೆಗೆ. ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್ ಒರೆಸು, ನೀರು ಕುಡಿ, ಟೈರ್ ಮೇಲೆ ಒಂದು ಕಣ್ಣು ಹಾಯಿಸು, ಹೊರಡು. ಫೋನಿನಲ್ಲಿ ಮೆಸೇಜ್ ನೋಡುವ ಕೆಲಸ ಈ ಪಟ್ಟಿಯಲ್ಲಿ ಇಲ್ಲ.

ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಮೊದಲ ಸಲ 22 ನಿಮಿಷ ತಗೊಂಡಳು. ಗ್ಲೌಸ್ ಒಂದು ಕಡೆ, ಪರ್ಸ್ ಒಂದು ಕಡೆ. ರಸೀದಿ ಯಾವ ಜೇಬಿನಲ್ಲಿ ಅಂತ ಹುಡುಕುವುದರಲ್ಲೇ ಐದು ನಿಮಿಷ ಹೋಯಿತು. ಮುಂದಿನ ವಾರ ಬಂದಾಗ ಅವಳ ಟ್ಯಾಂಕಿನ ಮೇಲೆ ಬಿಳಿ ಟೇಪ್ ಅಂಟಿತ್ತು. ಅದರ ಮೇಲೆ ಆರು ಪದ: ಪೆಟ್ರೋಲ್, ರಸೀದಿ, ಫೋಟೋ, ವೈಸರ್, ನೀರು, ಟೈರ್. ಜಾಕೆಟ್ಟಿನ ಎಡ ಎದೆಯ ಜೇಬಿನ ಜಿಪ್ಪಿಗೆ ಕೆಂಪು ದಾರ ಕಟ್ಟಿದ್ದಳು. ಆ ಜೇಬು ರಸೀದಿಗೆ ಮಾತ್ರ, ಬೇರೆ ಏನೂ ಅದರೊಳಗೆ ಹೋಗುವ ಹಾಗಿಲ್ಲ. ನಿದ್ದೆಗಣ್ಣಿನಲ್ಲೂ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಒಂದು ತಿಂಗಳಲ್ಲಿ ಎಂಟು ನಿಮಿಷಕ್ಕೆ ಬಂದಳು. ಓಡಿ ಬಂದದ್ದಲ್ಲ, ಎಲ್ಲವೂ ಅದರದರ ಜಾಗದಲ್ಲಿ ಇದ್ದದ್ದರಿಂದ. ಆ ಟೇಪ್ ಈಗ ನಮ್ಮ ಎಲ್ಲರ ಟ್ಯಾಂಕಿನ ಮೇಲೂ ಇದೆ.

ಇನ್ನು ನಿದ್ದೆ. ಇದನ್ನು ಹೇಳುವಾಗ ನನಗೆ ಸಮಾಧಾನ ಸಾಲುವುದಿಲ್ಲ, ಯಾಕೆಂದರೆ ನಾನೇ ಒಮ್ಮೆ ರಸ್ತೆಯ ಅಂಚಿನ ಜಲ್ಲಿಯ ಮೇಲೆ ಎಚ್ಚರವಾದವನು. ಹ್ಯಾಂಡಲ್ ನಡುಗಿದ್ದರಿಂದ ಕಣ್ಣು ತೆರೆಯಿತು. ಆ ಜೊಂಪು ಮೂರು ನಾಲ್ಕು ಸೆಕೆಂಡಿನದು ಇರಬೇಕು. ಗಂಟೆಗೆ 80ರ ವೇಗದಲ್ಲಿ ನಾಲ್ಕು ಸೆಕೆಂಡು ಅಂದರೆ ಸುಮಾರು 90 ಮೀಟರ್. ಅಷ್ಟು ದೂರ ಬೈಕಿನ ಮೇಲೆ ಯಾರೂ ಇರಲಿಲ್ಲ ಅಂತಲೇ ಲೆಕ್ಕ.

1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಅನ್ನುವ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ದರು. 17 ಗಂಟೆ ಸತತವಾಗಿ ಎಚ್ಚರ ಇದ್ದವನ ಕೈ, ಕಣ್ಣು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವನ ಹಾಗೆ ಕೆಲಸ ಮಾಡುತ್ತವೆ. 24 ಗಂಟೆ ಆದರೆ ಹೆಚ್ಚುಕಡಿಮೆ 0.10. ಕುಡಿದು ಬೈಕ್ ಹತ್ತುತ್ತೀಯಾ ಅಂತ ಕೇಳಿದರೆ ನಮ್ಮವರು ಯಾರೂ ಹೂಂ ಅನ್ನುವುದಿಲ್ಲ. ಹಾಗಾದರೆ ಇದಕ್ಕೂ ಇಲ್ಲ ಅನ್ನಬೇಕು.

ನಿದ್ದೆ ಎರಡು ಹೊತ್ತಿನಲ್ಲಿ ಮೇಲೆ ಬೀಳುತ್ತದೆ. ರಾತ್ರಿ ಎರಡರಿಂದ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಇದು ಊಟದಿಂದ ಮಾತ್ರ ಬರುವುದಲ್ಲ, ದೇಹದ ಒಳಗಿನ ಗಡಿಯಾರವೇ ಹಾಗೆ. ಆದ್ದರಿಂದ ಯೋಜನೆ ಬರೆಯುವಾಗ ಮಲಗುವ ಹೊತ್ತನ್ನು ಮೊದಲು ಬರೆದು, ಆಮೇಲೆ ದಾರಿ ಬರೆಯಿರಿ ಅನ್ನುತ್ತೇನೆ. ಚಿಕ್ಕ ನಿದ್ದೆ ಅಂದರೆ 20 ನಿಮಿಷ. ದೊಡ್ಡದು ಬೇಕಾದರೆ ಒಂದೂವರೆ ಗಂಟೆ. ನಡುವೆ 45, 50 ನಿಮಿಷಕ್ಕೆ ಅಲಾರಂ ಇಟ್ಟರೆ ಗಾಢ ನಿದ್ದೆಯಿಂದ ಎದ್ದು ಅರ್ಧ ಗಂಟೆ ಮಂಕಾಗಿಯೇ ಇರುತ್ತಾರೆ. ಚಿಕ್ಕ ನಿದ್ದೆಗೆ ಮಲಗುವ ಮುಂಚೆ ಒಂದು ಲೋಟ ಕಾಫಿ ಕುಡಿದರೆ ಒಳ್ಳೆಯದು. ಕೆಫೀನ್ ಕೆಲಸ ಶುರು ಮಾಡಲು 20-30 ನಿಮಿಷ ತಗೊಳ್ಳುತ್ತದೆ, ಅಷ್ಟರಲ್ಲಿ ಎದ್ದಿರುತ್ತೀರಿ. ಆದರೆ ಐದು ಗಂಟೆ ಕಳೆದರೂ ಅದರ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ, ಅದು ನೆನಪಿರಲಿ. ರಾತ್ರಿ ಒಂದಕ್ಕೆ ದೊಡ್ಡ ನಿದ್ದೆ ಮಾಡಬೇಕು ಅಂದುಕೊಂಡವರು ಸಂಜೆಯ ಮೇಲೆ ಕಾಫಿ ಕುಡಿಯಬಾರದು.

ಮೈ ಮಾತಾಡುತ್ತದೆ, ಕೇಳಿಸಿಕೊಳ್ಳಬೇಕು. ವೇಗ ಕಾರಣವಿಲ್ಲದೆ ಏರಿಳಿಯುತ್ತಿದೆ, ತಿರುವು ತಪ್ಪಿತು, ಹಿಂದಿನ ಬೋರ್ಡಿನಲ್ಲಿ ಏನಿತ್ತು ನೆನಪಿಲ್ಲ, ಹೈ ಬೀಮ್ ಇಳಿಸಲು ಮರೆತೆ. ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ಸುರಕ್ಷಿತವಾದ ಮುಂದಿನ ಜಾಗದಲ್ಲಿ ನಿಲ್ಲಬೇಕು ಅಂತ ನಮ್ಮ ನಿಯಮ. ಇನ್ನು ಹತ್ತೇ ಕಿಲೋಮೀಟರ್ ಅನ್ನುವ ಮಾತಿಗೆ ಜಾಗ ಇಲ್ಲ. ಮೈದಾನದಲ್ಲಿ, ಹಗಲಿನಲ್ಲಿ, ಗಲಾಟೆ ನಡುವೆ ಹೆಲ್ಮೆಟ್ ಪಕ್ಕ ಮಲಗಿ ನಿದ್ದೆ ಮಾಡುವುದನ್ನೂ ಅಭ್ಯಾಸ ಮಾಡಿಸುತ್ತೇನೆ. ಬೇಕೆಂದಾಗ ಎಲ್ಲೆಂದರಲ್ಲಿ ನಿದ್ದೆಹೋಗುವುದು ಕೂಡ ಕಲಿತು ಬರುವ ವಿದ್ಯೆ.

ಅಂಕಗಳ ರ‍್ಯಾಲಿ ಆದರೆ ಇನ್ನೊಂದು ತಯಾರಿ ಬೇಕು. ಅಲ್ಲಿ ದಾರಿ ಯಾರೂ ಹಾಕಿಕೊಡುವುದಿಲ್ಲ. ಜಾಗಗಳ ಪುಸ್ತಕ ಒಂದು ಕೈಗೆ ಬರುತ್ತದೆ. ಪ್ರತಿ ಜಾಗಕ್ಕೂ ಇಷ್ಟು ಅಂಕ, ಇಂಥ ಹೊತ್ತಿನಲ್ಲಿ ಮಾತ್ರ, ನಿಮ್ಮ ನಂಬರಿನ ಬಾವುಟ ಕಾಣುವ ಹಾಗೆ ಫೋಟೋ, ಹೀಗೆಲ್ಲ ಷರತ್ತು ಇರುತ್ತದೆ. ಎಲ್ಲ ಜಾಗಕ್ಕೂ ಹೋಗಲು ಯಾರಿಂದಲೂ ಆಗುವುದಿಲ್ಲ, ಆಗದ ಹಾಗೆಯೇ ಪುಸ್ತಕ ಮಾಡಿರುತ್ತಾರೆ. ಏನು ಬಿಡಬೇಕು ಅಂತ ಗೊತ್ತಾಗುವುದೇ ಇಲ್ಲಿನ ಜಾಣತನ. ನಾನು ಸುಳ್ಳು ಪುಸ್ತಕಗಳನ್ನು ಮಾಡಿ, ಮೂರು ಗಂಟೆ ಕೊಟ್ಟು ದಾರಿ ಹಾಕಿಸುತ್ತೇನೆ. ಹೊಸಬರು ದೊಡ್ಡ ಅಂಕದ ಹಿಂದೆ ಓಡುತ್ತಾರೆ. ಒಂದು ಗಂಟೆಗೆ ಎಷ್ಟು ಅಂಕ ಬರುತ್ತದೆ ಅಂತ ಲೆಕ್ಕ ಹಾಕಿದಾಗ, ದಾರಿಯಲ್ಲೇ ಸಿಗುವ ಚಿಕ್ಕ ಚಿಕ್ಕ ಜಾಗಗಳೇ ಲಾಭ ಅಂತ ಕಾಣುತ್ತದೆ. ಕೆಲವು ರ‍್ಯಾಲಿಗಳಲ್ಲಿ ವಿಶ್ರಾಂತಿಗೂ ಅಂಕ ಇರುತ್ತದೆ. ಇಂತಿಷ್ಟು ಗಂಟೆ ನಿಂತಿದ್ದೆ ಅಂತ ರಸೀದಿ ತೋರಿಸಿದರೆ ಸಾಕು. ಅದನ್ನು ಬಿಡಬೇಡಿ, ಮಲಗಿದ್ದಕ್ಕೆ ಅಂಕ ಕೊಡುವವರು ಬೇರೆಲ್ಲಿ ಸಿಗುತ್ತಾರೆ?

ಕೊನೆಗೆ ಅಂಕ ಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಬಾವುಟ ಫೋಟೋದಲ್ಲಿ ಇಲ್ಲ, ಜಾಗದ ಕೋಡ್ ಒಂದಕ್ಷರ ತಪ್ಪು, ಸಮಯ ಬರೆದಿಲ್ಲ. ಸಾವಿರ ಕಿಲೋಮೀಟರ್ ಹೋಗಿ ಬಂದದ್ದು ಅಲ್ಲಿಗೆ ಸೊನ್ನೆ. ಅದಕ್ಕೇ ಫೋಟೋ ತೆಗೆದವರು ಅದನ್ನು ತೆರೆದು ನೋಡದೆ ಬಾವುಟ ಮಡಚುವ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡಿದ್ದೇನೆ.

ಮೈಯ ವಿಷಯದಲ್ಲಿ ಮೊದಲು ಕಿವಿ. 100ರ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು, ಪ್ರತಿ ಮೂರು ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಕಿವಿಯ ಸುರಕ್ಷತೆಯ ಲೆಕ್ಕ. 94ಕ್ಕೆ ಒಂದೇ ಗಂಟೆ. ಕಿವಿಗೆ ಪೆಟ್ಟು ಬೀಳುವುದು ಒಂದು ಕಡೆ, ಆ ಸದ್ದೇ ಸುಸ್ತು ಮಾಡುತ್ತದೆ. ಇಯರ್‌ಪ್ಲಗ್ ಹಾಕಿಸಿದ ಮೊದಲ ಸವಾರಿಯಲ್ಲೇ, "ಅಣ್ಣ, ಇವತ್ತು ತಲೆ ಭಾರ ಇಲ್ಲ" ಅಂದವರು ಎಷ್ಟೋ ಜನ.

ಬಿಸಿಲಿನಲ್ಲಿ ಹೊಸಬರು ಜಾಕೆಟ್ ಬಿಚ್ಚಿಡುತ್ತಾರೆ. ಗಾಳಿ 35 ಡಿಗ್ರಿ ದಾಟಿದ ಮೇಲೆ ಅದು ಚರ್ಮಕ್ಕಿಂತ ಬಿಸಿ. ಅಂಥ ಗಾಳಿ ಮೈಗೆ ಹೊಡೆದಷ್ಟೂ ಮೈ ಕಾಯುತ್ತದೆ, ಬೆವರು ಬಂದದ್ದೇ ಗೊತ್ತಾಗದೆ ಆರಿ ನೀರು ಇಂಗುತ್ತದೆ. ಒಳಗೆ ಒದ್ದೆ ಬನಿಯನ್ ಹಾಕಿ, ಜಾಕೆಟ್ಟಿನ ಜಿಪ್ ಏರಿಸಿ, ಗಾಳಿಕಿಂಡಿ ಸ್ವಲ್ಪವೇ ತೆರೆಯಬೇಕು. ಬೆನ್ನಿನ ಚೀಲದಿಂದ ಕೊಳವೆಯಲ್ಲಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಚಳಿಯೂ ಹಾಗೇ ಮೋಸ ಮಾಡುತ್ತದೆ. ಹೊರಗೆ 10 ಡಿಗ್ರಿ ಇದ್ದರೆ 100ರ ವೇಗದ ಗಾಳಿಯಲ್ಲಿ ಬರಿ ಚರ್ಮಕ್ಕೆ ಅದು 4 ಡಿಗ್ರಿಯ ಹಾಗೆ. ನಡುಗಲು ಶುರುವಾದ ಮೇಲೆ ಇನ್ನೊಂದು ಅಂಗಿ ಹಾಕಿಕೊಂಡರೆ ತಡವಾಯಿತು. ಕೂರುವ ಜಾಗಕ್ಕೆ ಹೊಲಿಗೆ ಒತ್ತದ ಒಳಚಡ್ಡಿ, ಜೊತೆಗೆ ಅರ್ಧ ಗಂಟೆಗೊಮ್ಮೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಜರುಗುವುದು. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಮುನ್ನೂರನೇ ಕಿಲೋಮೀಟರಿನಲ್ಲಿ ಚರ್ಮ ಕೊಯ್ಯುತ್ತದೆ.

ಬೈಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೈರ್ ಪೂರ್ತಿ ದೂರ ಬಾಳುತ್ತದಾ ನೋಡಿ. ಚೈನಿಗೆ 500-600 ಕಿಲೋಮೀಟರಿಗೊಮ್ಮೆ ಎಣ್ಣೆ ಬೇಕು. ಪಂಕ್ಚರ್ ಹಾಕುವುದನ್ನು ಕತ್ತಲೆಯಲ್ಲಿ, ಟಾರ್ಚ್ ಬೆಳಕಿನಲ್ಲಿ ಒಮ್ಮೆ ಮಾಡಿ ನೋಡಿರಬೇಕು. ಹೊರಡುವ ಮೂರು ವಾರ ಮೊದಲು ಬೈಕಿಗೆ ಹೊಸದೇನನ್ನೂ ಹಾಕಬಾರದು. ಹೊಸ ಸೀಟು, ಹೊಸ ಲೈಟು, ಹೊಸ ಹೆಲ್ಮೆಟ್ ಯಾವುದಾದರೂ ಸರಿ, ಒಂದು ಸಾವಿರ ಕಿಲೋಮೀಟರ್ ಜೊತೆಗೆ ಬಂದಿದ್ದರೆ ಮಾತ್ರ ರ‍್ಯಾಲಿಗೆ.

ಸವಾರಿಯ ಅಭ್ಯಾಸ ಹನ್ನೆರಡು ವಾರದ್ದು. 500, ಆಮೇಲೆ 800, ಆಮೇಲೆ ಸಾವಿರ. ಒಂದು ಸವಾರಿ ಪೂರ್ತಿ ರಾತ್ರಿಯದ್ದು, ಒಂದು ಮಳೆಯಲ್ಲಿ. ಒಂದು ಸಲ ಎರಡು ದಿನ ಸತತವಾಗಿ. ಎರಡನೇ ಬೆಳಿಗ್ಗೆ ನೋಯುವ ಮಣಿಕಟ್ಟಿನ ಜೊತೆ ಮತ್ತೆ ಬೈಕ್ ಹತ್ತುವುದು ಹೇಗಿರುತ್ತದೆ ಅಂತ ಮೊದಲೇ ಗೊತ್ತಿರಬೇಕು. 1609ರ ಪರೀಕ್ಷೆ ರ‍್ಯಾಲಿಗೆ ಒಂದು ತಿಂಗಳ ಮುಂಚೆಯೇ ಮುಗಿಯುತ್ತದೆ. ಕೊನೆಯ ಹತ್ತು ದಿನ ದೂರದ ಸವಾರಿ ಇಲ್ಲ. ರಾತ್ರಿ ಎಂಟು ಗಂಟೆಗಳ ನಿದ್ದೆ, ಬೇಗ ಊಟ. ಈ ಹೊತ್ತಿನಲ್ಲಿ ಅವರಿಗೆ ಕೈ ಕಡಿಯುತ್ತಿರುತ್ತದೆ. ಮನೆಯವರಿಗೆ ನಾನೇ ಫೋನ್ ಮಾಡಿ, ಸ್ವಲ್ಪ ಹಿಡಿದಿಟ್ಟುಕೊಳ್ಳಿ ಅಂತ ಹೇಳುತ್ತೇನೆ.

ರ‍್ಯಾಲಿ ಮುಗಿದ ದಿನ ನಾನು ಫಿನಿಶ್ ಗೆರೆಯ ಹತ್ತಿರ ಕಾಯುತ್ತಿರುತ್ತೇನೆ. ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ, ಎಲ್ಲರಿಗೂ ಕೂಡಲೇ ಮನೆಗೆ ಹೋಗುವ ಆಸೆ. ನಾಲ್ಕು ಗಂಟೆಯ ದಾರಿ ತಾನೇ ಅಣ್ಣ, ಇಷ್ಟು ದೂರ ಬಂದವರಿಗೆ ಇದೇನು ಅನ್ನುತ್ತಾರೆ. ಇಷ್ಟು ದಿನ ಎಚ್ಚರ ಇಟ್ಟಿದ್ದ ಆ ಬಿಗಿ, ಗೆರೆ ದಾಟಿದ ಕ್ಷಣಕ್ಕೇ ಸಡಿಲವಾಗಿರುತ್ತದೆ. ನನಗೆ ಆ ನಾಲ್ಕು ಗಂಟೆಯ ದಾರಿಯಷ್ಟು ಭಯ ಬೇರೆ ಯಾವುದಕ್ಕೂ ಇಲ್ಲ. ಹಾಗಾಗಿ ಗೆರೆಯ ಹತ್ತಿರವೇ ಒಬ್ಬೊಬ್ಬರ ಬೈಕಿನ ಕೀಯನ್ನೂ ಇಸಿದುಕೊಂಡು ಒಂದು ಚೀಲಕ್ಕೆ ಹಾಕುತ್ತೇನೆ. ಸ್ನಾನ, ಊಟ, ಒಂದು ರಾತ್ರಿಯ ಪೂರ್ತಿ ನಿದ್ದೆ ಆಗಬೇಕು. ಚೀಲ ಬಿಚ್ಚುವುದು ಮರುದಿನ ಬೆಳಿಗ್ಗೆ ತಿಂಡಿ ಆದ ಮೇಲೆ.