ವಿದೇಶಿ ಸರ್ಕಾರದ ದುಡ್ಡಲ್ಲಿ ಕನ್ನಡದ ಎಐ ಕಟ್ಟಿದ ಬಗೆ

ಧಾರವಾಡ ಭಾಗದ ಒಂದು ಚಿಕ್ಕ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ರೈತರು ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಬೆಳೆ, ಗೊಬ್ಬರ, ಬೆಳೆವಿಮೆ, ಸಾಲದ ಬಗ್ಗೆ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುವ ಒಂದು ಎಐ ವ್ಯವಸ್ಥೆಯನ್ನು ನಾವು ಕಟ್ಟಿದೆವು. ಇದಕ್ಕೆ ಹಣ ಬಂದದ್ದು ಯುರೋಪಿನ ಒಂದು ದೇಶದ ಸರ್ಕಾರದಿಂದ. ಇಂಥ ಹಣ ಎಲ್ಲಿಂದ ಬರುತ್ತೆ, ಹೇಗೆ ತಗೋಬೇಕು, ಏನು ಹುಷಾರಾಗಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಹಣ ಯಾಕೆ ಬರುತ್ತೆ ಅನ್ನೋದು ಗೊತ್ತಿರಬೇಕು. ಶ್ರೀಮಂತ ದೇಶಗಳು ತಮ್ಮ ಪಾಲುದಾರ ದೇಶಗಳಲ್ಲಿ ಎಐ ಬಳಕೆ ಬೆಳೆಯಲಿ ಅಂತ ಅಭಿವೃದ್ಧಿ ನೆರವಿನ ಹಣದಲ್ಲಿ ಒಂದು ಪಾಲು ತೆಗೆದಿಡುತ್ತವೆ. ಜರ್ಮನಿ 2019ರಲ್ಲಿ 'ಫೇರ್ ಫಾರ್ವರ್ಡ್' ಅನ್ನುವ ಕಾರ್ಯಕ್ರಮ ಶುರು ಮಾಡಿತು. ಅಲ್ಲಿನ ಅಭಿವೃದ್ಧಿ ಸಚಿವಾಲಯ ಹಣ ಕೊಟ್ಟಿತು, ಅಲ್ಲಿನ ಸರ್ಕಾರದ್ದೇ ಆದ ಜಿಐಜೆಡ್ ಸಂಸ್ಥೆ ಕೆಲಸ ನಡೆಸಿತು. ಭಾರತ, ಇಂಡೋನೇಷ್ಯಾ, ಘಾನಾ, ಕೀನ್ಯಾ, ರುವಾಂಡಾ, ದಕ್ಷಿಣ ಆಫ್ರಿಕಾ, ಉಗಾಂಡಾ ಅದರ ಪಾಲುದಾರ ದೇಶಗಳು. ಸಂಶೋಧನೆಗೆ ಹಣ ಕೊಡುವ ಕೆನಡಾ ಸರ್ಕಾರದ ಸಂಸ್ಥೆ ಐಡಿಆರ್‌ಸಿ ಮತ್ತು ಸ್ವೀಡನ್ ಸರ್ಕಾರದ ನೆರವು ಸಂಸ್ಥೆ ಸಿಡಾ ಸೇರಿ 2020ರಲ್ಲಿ ಆಫ್ರಿಕಾಕ್ಕಾಗಿ ಇಂಥದ್ದೇ ಕಾರ್ಯಕ್ರಮ ತಂದವು. ಮುಂದೆ ಬ್ರಿಟನ್ ಕೂಡ ಕೆನಡಾ ಜೊತೆ ಕೈಜೋಡಿಸಿತು.

ಅರ್ಜಿ ಬರೆಯುವ ಮುಂಚೆ ನಾನು ಗಮನ ಇಟ್ಟು ಓದಿದ್ದು ರುವಾಂಡಾದ ಕೆಲಸದ ಬಗ್ಗೆ. ಅಲ್ಲಿನ ರಾಜಧಾನಿ ಕಿಗಾಲಿಯ ಡಿಜಿಟಲ್ ಉಮುಗಾಂಡಾ ಅನ್ನುವ ತಂಡ, ಯಂತ್ರಕ್ಕೆ ಭಾಷೆ ಕಲಿಸಲು ಜನರ ದನಿ ಕೂಡಿಸುವ ಮೊಜಿಲ್ಲಾದ ಕಾಮನ್ ವಾಯ್ಸ್ ಯೋಜನೆಯ ಮೂಲಕ ಕಿನ್ಯರುವಾಂಡಾ ಭಾಷೆಯ ಮಾತನ್ನು ಜನರಿಂದಲೇ ರೆಕಾರ್ಡ್ ಮಾಡಿಸಿತು. ಜರ್ಮನಿಯ ನೆರವು ಅದಕ್ಕಿತ್ತು. ಉಮುಗಾಂಡಾ ಅಂದರೆ ಅಲ್ಲಿ ತಿಂಗಳ ಕೊನೆಯ ಶನಿವಾರ ಊರಿನವರೆಲ್ಲ ಸೇರಿ ಮಾಡುವ ಸಾಮೂಹಿಕ ಕೆಲಸ. ಅದೇ ಹುರುಪಲ್ಲಿ 2,000 ಗಂಟೆಗೂ ಜಾಸ್ತಿ ಮಾತು ಕೂಡಿತು. ಆ ಚಿಕ್ಕ ದೇಶದ ಭಾಷೆ ಕಾಮನ್ ವಾಯ್ಸ್‌ನ ಅತಿ ದೊಡ್ಡ ಸಂಗ್ರಹಗಳಲ್ಲಿ ಒಂದಾಯಿತು. ಅದು ಸಿಸಿ0 ಪರವಾನಗಿಯಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಬಹುದು. ನೆರವಿನ ಹಣ ನಿಂತರೂ ಆ ಮಾತು ಅಲ್ಲೇ ಇರುತ್ತದೆ. ನಮ್ಮ ಅರ್ಜಿಯ ಬೆನ್ನೆಲುಬು ಆದದ್ದು ಇದೇ ವಿಚಾರ. ಆ್ಯಪ್ ಎರಡನೇ ಮಾತು, ಮೊದಲು ಮುಕ್ತವಾದ ಕನ್ನಡ ಡೇಟಾ ಬೇಕು ಅಂತ ನಾವು ಬರೆದೆವು.

ಕನ್ನಡಕ್ಕೆ ಇದೇ ದಾರಿಯಲ್ಲಿ ಒಂದು ದೊಡ್ಡ ಉಪಕಾರ ಆಗಲೇ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಸಿಸ್ಪಿನ್' ಯೋಜನೆಗೆ ಜರ್ಮನಿಯ ಇದೇ ಕಾರ್ಯಕ್ರಮದ ನೆರವಿತ್ತು. ಬರಹವನ್ನು ದನಿಯಾಗಿಸಲು ಬೇಕಾದ ಡೇಟಾ ಅದು. ಒಂಬತ್ತು ಭಾಷೆಗಳು, ಅದರಲ್ಲಿ ಕನ್ನಡವೂ ಒಂದು. ಭೋಜ್‌ಪುರಿ, ಮೈಥಿಲಿ, ಮಗಹಿ, ಛತ್ತೀಸ್‌ಗಢಿಯಂಥ ಭಾಷೆಗಳೂ ಇವೆ. ಪ್ರತಿ ಭಾಷೆಗೆ ಒಂದು ಗಂಡು ದನಿ, ಒಂದು ಹೆಣ್ಣು ದನಿ, ಒಬ್ಬೊಬ್ಬರದೂ 40 ಗಂಟೆಗಿಂತ ಹೆಚ್ಚು. ಕೃಷಿ, ಹಣಕಾಸಿನ ವಾಕ್ಯಗಳೂ ಅದರಲ್ಲಿವೆ. ಉತ್ತರ ಹೇಳುವ ದನಿಗಾಗಿ ನಾವು ಹೊಸದಾಗಿ ಖರ್ಚು ಮಾಡಲಿಲ್ಲ, ಈ ಮುಕ್ತ ಸಂಗ್ರಹದಿಂದಲೇ ಶುರು ಮಾಡಿದೆವು. ಉಳಿದ ಹಣವೆಲ್ಲ ರೈತರ ಮಾತನ್ನು ಗುರುತಿಸುವ ಕಡೆ ಹೋಯಿತು.

ಈಗ ದುಡ್ಡು ಕೈಗೆ ಬರುವ ದಾರಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ವಿದೇಶಿ ಸರ್ಕಾರದ ಹಣವನ್ನು ಅನುದಾನವಾಗಿ ತಗೋಬೇಕಾದರೆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. ನೋಂದಣಿಗೆ ಸಂಸ್ಥೆ ಕನಿಷ್ಠ ಮೂರು ವರ್ಷದಿಂದ ಇರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿ ಆದ ಮೇಲೆ ಹಣ ಮೊದಲು ಬಂದು ಬೀಳುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚು ಮೊದಲು 50 ಪರ್ಸೆಂಟ್ ತನಕ ಇರಬಹುದಿತ್ತು, ಈಗ 20 ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಮೊದಲೆಲ್ಲ ದೊಡ್ಡ ಸಂಸ್ಥೆ ಹಣ ತಂದು ಹಳ್ಳಿ ಮಟ್ಟದ ಸಣ್ಣ ಗುಂಪುಗಳಿಗೆ ಹಂಚುತ್ತಿತ್ತು. ಆ ದಾರಿ ಮುಚ್ಚಿದೆ.

ಹಾಗಾಗಿ ನಾವು ಸೇವೆಯ ಒಪ್ಪಂದದ ದಾರಿ ಹಿಡಿದೆವು. ಮಾಡಿದ ಕೆಲಸಕ್ಕೆ ವ್ಯವಹಾರದ ರೀತಿಯಲ್ಲಿ ಪಡೆಯುವ ಶುಲ್ಕವನ್ನು ಎಫ್‌ಸಿಆರ್‌ಎ ಕಾಯ್ದೆ ವಿದೇಶಿ ದೇಣಿಗೆ ಅಂತ ಎಣಿಸುವುದಿಲ್ಲ. ಇಷ್ಟು ಗಂಟೆ ಮಾತು, ಇಷ್ಟು ಶುದ್ಧವಾದ ಬರಹ, ಇಂಥ ದಿನಾಂಕ, ಇಷ್ಟು ಹಣ. ಬಿಲ್ ಕೊಟ್ಟರೆ ಪಾವತಿ. ಆದರೆ ಯಾವುದು ಸೇವೆ, ಯಾವುದು ದೇಣಿಗೆ ಅನ್ನುವುದನ್ನು ಸುಮ್ನೆ ನಾವೇ ತೀರ್ಮಾನ ಮಾಡಬಾರದು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಈ ಕಾಯ್ದೆ ತಿಳಿದ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಅದರ ಒಂದೊಂದು ಸಾಲನ್ನೂ ಓದಿಸಿ.

ಸೇವೆಯ ಒಪ್ಪಂದದಲ್ಲಿ ಒಂದು ಕಷ್ಟ ಇದೆ. ಕೆಲಸ ಮುಗಿದ ಮೇಲೆ ದುಡ್ಡು. ಆದರೆ ಹಳ್ಳಿಯಲ್ಲಿ ಕೂತು ಮಾತು ರೆಕಾರ್ಡ್ ಮಾಡಿಕೊಟ್ಟವರಿಗೆ ಅವತ್ತೇ ಕೂಲಿ ಕೊಡಬೇಕು, ಅಲ್ವಾ? ನಾವು ಚೌಕಾಸಿ ಮಾಡಿ ಮುಂಗಡ ಕೇಳಿದೆವು. ಕಂತುಗಳನ್ನು ಚಿಕ್ಕದಾಗಿ ಒಡೆಸಿಕೊಂಡೆವು. ಲೆಕ್ಕ ಯೂರೋದಲ್ಲಿ, ಖರ್ಚು ರೂಪಾಯಿಯಲ್ಲಿ, ಹಾಗಾಗಿ ದರ ಏರಿಳಿದರೆ ಏನು ಅನ್ನುವುದನ್ನೂ ಬರೆಸಿದೆವು. ಇದನ್ನು ಕೇಳಲು ಹಿಂಜರಿಯಬೇಡಿ. ಕೊಡುವವರಿಗೂ ಕೆಲಸ ನಿಲ್ಲದೆ ಸಾಗುವುದು ಬೇಕಾಗಿರುತ್ತದೆ.

ಮಾತು ಕೂಡಿಸುವ ಕೆಲಸವೇ ನನಗೆ ಅತಿ ಪ್ರೀತಿಯದು. ವಾಕ್ಯಗಳನ್ನು ಪುಸ್ತಕದಿಂದ ತೆಗೆಯಲಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ, ಗೊಬ್ಬರದ ಅಂಗಡಿಯ ಮುಂದೆ ಜನ ಏನು ಕೇಳುತ್ತಾರೋ ಅದನ್ನೇ ಬರೆದುಕೊಂಡೆವು. 'ಗೋವಿನಜೋಳಕ್ಕ ಹುಳಾ ಬಿದ್ದೈತಿ, ಏನು ಹೊಡೀಬೇಕ್ರಿ' ಅನ್ನುವುದು ನಿಜವಾದ ಪ್ರಶ್ನೆ. ಪಿಎಂ ಕಿಸಾನ್, ಇ-ಕೆವೈಸಿ, ಡಿಎಪಿ ಎಲ್ಲ ಮಾತಿನ ನಡುವೆ ಬಂದೇ ಬರುತ್ತವೆ. 19:19:19 ಗೊಬ್ಬರವನ್ನು ಜನ 'ನೈನ್‌ಟೀನ್ ಆಲ್' ಅಂತಾರೆ. ಎಕರೆ, ಗುಂಟೆ, ಕ್ವಿಂಟಲ್ ಲೆಕ್ಕ ಇರುತ್ತದೆ. ಹಿಂದೆ ಟ್ರ್ಯಾಕ್ಟರ್ ಸದ್ದು ಇರುತ್ತದೆ, ಅದೂ ಬೇಕು, ಯಾಕೆಂದರೆ ರೈತ ಫೋನ್ ಮಾಡುವುದು ಹೊಲದಿಂದ.

ಹೆಂಗಸರ ದನಿ ಕೂಡಿಸುವುದಕ್ಕೆ ಬೇರೆಯೇ ತಯಾರಿ ಬೇಕಾಯಿತು. ಅಂಗಡಿ ಮುಂದೆ ನಿಂತರೆ ಸಿಗುವುದು ಗಂಡಸರ ಮಾತು ಮಾತ್ರ. ಸ್ವಸಹಾಯ ಸಂಘದ ಸಭೆಗೆ ಹೋಗಿ, ಅಕ್ಕಂದಿರ ಜೊತೆ ಕೂತು, ಅವರಲ್ಲೇ ಒಬ್ಬರಿಗೆ ರೆಕಾರ್ಡಿಂಗ್ ಕಲಿಸಿದೆವು. ಆಮೇಲೆ ಕೆಲಸ ತಾನಾಗೇ ನಡೆಯಿತು. 'ನಮ್ಮ ದನಿ ಯಾರು ಕೇಳ್ತಾರ್ರೀ?' ಅಂತ ಅವರು ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಬೇಕಿತ್ತು. ದನಿ ಎಲ್ಲಿ ಹೋಗುತ್ತೆ, ಯಾರು ಬಳಸಬಹುದು, ಬೇಡ ಅನಿಸಿದರೆ ಹೇಗೆ ತೆಗೆಸಬೇಕು, ಒಮ್ಮೆ ಮುಕ್ತವಾಗಿ ಬಿಟ್ಟ ಮೇಲೆ ಎಷ್ಟರಮಟ್ಟಿಗೆ ತೆಗೆಯಬಹುದು, ಎಲ್ಲವನ್ನೂ ಕನ್ನಡದಲ್ಲಿ ಬರೆದು ಓದಿ ಹೇಳಿದೆವು. 2023ರ ಡೇಟಾ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆಯ ಸೂಚನೆ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡವೂ ಸೇರಿದ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಜನ ಆರಿಸಿಕೊಂಡದ್ದರಲ್ಲಿ ಸಿಗಬೇಕು ಅನ್ನುತ್ತದೆ. ಕೂಲಿ ದರವನ್ನು ನಾವು ಸರ್ಕಾರದ ಕನಿಷ್ಠ ಕೂಲಿಗಿಂತ ಮೇಲಿಟ್ಟೆವು. ಮಾತು ಕೊಡುವವರಿಗೆ ಮರ್ಯಾದೆಯ ಕೂಲಿ ಕೊಟ್ಟೂ ಈ ಕೆಲಸ ಮಾಡಬಹುದು ಅನ್ನುವುದನ್ನು ಬೆಂಗಳೂರಿನ 'ಕಾರ್ಯ' ಸಂಸ್ಥೆ ಮೊದಲೇ ತೋರಿಸಿತ್ತು.

ಹಣ ಕೊಟ್ಟವರು ಪ್ರತಿ ವರದಿಯಲ್ಲೂ ಎಷ್ಟು ಜನ ಬಳಸಿದರು ಅಂತ ಕೇಳುತ್ತಿದ್ದರು. ಅವರ ದೇಶದ ಸಂಸತ್ತಿಗೆ ಅವರು ಲೆಕ್ಕ ಕೊಡಬೇಕು, ಅದು ನ್ಯಾಯವೇ. ಆದರೆ ಕರೆಗಳ ಸಂಖ್ಯೆಯನ್ನು ಬಳಕೆ ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಒಬ್ಬ ರೈತ ಎರಡನೇ ಸಲ ಕರೆ ಮಾಡಿದನಾ, ಉತ್ತರ ಸರಿಯಿತ್ತಾ ಅನ್ನುವುದನ್ನು ಕೃಷಿ ಅಧಿಕಾರಿಗಳಿಂದ ಪರೀಕ್ಷೆ ಮಾಡಿಸಿ ಅದನ್ನೂ ವರದಿಯಲ್ಲಿ ಸೇರಿಸಿದೆವು. ಔಷಧಿಯ ಪ್ರಮಾಣದ ಪ್ರಶ್ನೆ ಬಂದರೆ ಯಂತ್ರ ತಾನೇ ಉತ್ತರ ಹೇಳದೆ ಅಧಿಕಾರಿಗೆ ಕರೆ ದಾಟಿಸುತ್ತದೆ. ಇದನ್ನು ಬದಲಿಸಲು ನಾವು ಒಪ್ಪಲಿಲ್ಲ, ಕರೆಗಳ ಸಂಖ್ಯೆ ಕಡಿಮೆಯಾದರೂ ಸರಿ.

ಈಗ ಕಾಲ ಬದಲಾಗುತ್ತಿದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ ಹೊತ್ತಿಗೆ ಅಲ್ಲಿನ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ನೆರವು ಕೊಡುವುದೇ ನಿಂತಿತು. ಅದೇ ಜುಲೈ 23ರಂದು ಅಲ್ಲಿನ ಅಧ್ಯಕ್ಷರು ಇನ್ನೊಂದು ಆದೇಶ ಹೊರಡಿಸಿದರು. ಚಿಪ್, ಡೇಟಾ ವ್ಯವಸ್ಥೆ, ಮಾಡೆಲ್, ಭದ್ರತೆ, ಬಳಕೆಯ ತಂತ್ರಾಂಶ ಎಲ್ಲ ಸೇರಿದ ಅಮೆರಿಕದ ಎಐಯನ್ನು ಇಡಿಯಾಗಿ ಬೇರೆ ದೇಶಗಳಿಗೆ ರಫ್ತು ಮಾಡಲು ಸರ್ಕಾರ ಬೆಂಬಲ ಕೊಡಬೇಕು ಅನ್ನುವುದು ಅದರ ಸಾರ. ಹಣ ಕೊಟ್ಟು ಬಳಕೆ ಬೆಳೆಸುವುದು ಇಲ್ಲೂ ಇದೆ. ಆದರೆ ಸಾಮಾನು ಅವರದು, ಬಳಸುವುದು ನಾವು. ಅದರಿಂದ ಬೇಗ ಕೆಲಸ ಆಗಬಹುದು, ಬೇಡ ಅನ್ನುವುದಿಲ್ಲ. ಆದರೂ ಹೊಲದಿಂದ ಬಂದ ಕನ್ನಡದ ಮಾತು ನಮ್ಮ ಕೈಯಲ್ಲೇ, ಎಲ್ಲರಿಗೂ ಸಿಗುವ ಹಾಗೆ ಇರಬೇಕು ಅನ್ನುವುದರಲ್ಲಿ ನಾನು ಸಡಿಲ ಆಗಲಾರೆ. ಯಾವ ದೇಶದ ಹಣ ಬಂದರೂ ಆ ಒಂದು ಷರತ್ತು ಒಪ್ಪಂದದಲ್ಲಿ ಇರಲಿ.

ನಮ್ಮ ಯೋಜನೆಯ ಹಣ ಮುಗಿದಿದೆ. ಡೇಟಾ ಮುಕ್ತವಾಗಿದೆ, ಕರೆಯ ವ್ಯವಸ್ಥೆಯನ್ನು ಒಂದು ರೈತ ಉತ್ಪಾದಕ ಸಂಸ್ಥೆ ಸದಸ್ಯರ ವಂತಿಗೆಯಲ್ಲಿ ನಡೆಸುತ್ತಿದೆ. ಈಗ ಬರೆಯುತ್ತಿರುವ ಹೊಸ ಅರ್ಜಿಯಲ್ಲಿ ಕಲಬುರಗಿ, ರಾಯಚೂರು, ಬೀದರ್ ಕಡೆಯ ಮಾತು ಸೇರಿಸಲು ಕೇಳಿದ್ದೇವೆ. ಯೋಜನೆ ಮುಗಿದ ಮೇಲೂ ಎರಡು ವರ್ಷ ಡೇಟಾ ತಿದ್ದುವವರ ಸಂಬಳಕ್ಕೆ ಹಣ ಇಡಿ ಅಂತ ಬಜೆಟ್‌ನ ಮೊದಲ ಸಾಲಿನಲ್ಲೇ ಬರೆದಿದ್ದೇವೆ.