ಮೆಚ್ಚಿನ ಬ್ಯಾಂಡ್‌ನ ಹೊಸ ಆಲ್ಬಮ್ ಕೇಳಿ ಮೊದಲ ಅಭಿಪ್ರಾಯ ಬರೆಯುವ ಬಗೆ

ಬರೆಯಲು ಕೂರುವ ಮುನ್ನ, ಆಲ್ಬಮ್‌ನಲ್ಲಿ ನಿಜವಾಗಿ ಮೊದಲ ಸಲ ಕೇಳುತ್ತಿರುವ ಹಾಡುಗಳು ಯಾವುವು ಎಂಬುದನ್ನು ಗುರುತಿಸಿಕೊಳ್ಳಬೇಕು. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ '72 ಸೀಸನ್ಸ್' 2023ರ ಏಪ್ರಿಲ್ 14ರಂದು ಬಿಡುಗಡೆಯಾಗುವ ಹೊತ್ತಿಗೆ ಅದರ 12 ಹಾಡುಗಳಲ್ಲಿ ನಾಲ್ಕು ಆಗಲೇ ಹೊರಬಂದಿದ್ದವು. 'ಲಕ್ಸ್ ಇಟರ್ನಾ' ಅಂತೂ ಹಿಂದಿನ ನವೆಂಬರಿನಿಂದಲೇ ಅಭಿಮಾನಿಗಳ ಕಿವಿಗೆ ಬಿದ್ದಿತ್ತು. ತಿಂಗಳುಗಟ್ಟಲೆ ಕೇಳಿ ಪಳಗಿದ ಹಾಡು ಅಪರಿಚಿತ ಹಾಡುಗಳ ನಡುವೆ ಬಂದಾಗ ಅದರ ಯೋಗ್ಯತೆಗಿಂತ ತುಸು ಹೆಚ್ಚೇ ಹಿತವಾಗಿ ಕೇಳಿಸುತ್ತದೆ. ಆದ್ದರಿಂದ ಆ ನಾಲ್ಕನ್ನು ಪಕ್ಕಕ್ಕಿಟ್ಟು, ಉಳಿದ ಎಂಟರ ಮೇಲೆಯೇ ಮೊದಲ ಅಭಿಪ್ರಾಯವನ್ನು ಕಟ್ಟುವುದು ನ್ಯಾಯ.

ಮೊದಲ ಸುತ್ತಿನಲ್ಲಿ ಷಫಲ್ (ಹಾಡುಗಳ ಕ್ರಮವನ್ನು ಕಲಸಿ ನುಡಿಸುವ ಸೌಲಭ್ಯ) ಆಫ್ ಮಾಡಿ, ಬ್ಯಾಂಡ್ ಇಟ್ಟ ಕ್ರಮದಲ್ಲೇ ಕೇಳಬೇಕು. ಟಿಪ್ಪಣಿ ಮಾಡುವಾಗ 'ಚೆನ್ನಾಗಿದೆ', 'ಬೋರು' ಎಂದಷ್ಟೇ ಗೀಚಿದರೆ ಮರುದಿನ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಹಾಡು, ನಿಮಿಷ, ಅಲ್ಲಿ ಕೇಳಿಸಿದ್ದೇನು ಎಂಬ ಮೂರನ್ನೂ ಬರೆದುಕೊಳ್ಳಬೇಕು. ಈ ಆಲ್ಬಮ್‌ನ ಅವಧಿ ಸುಮಾರು 77 ನಿಮಿಷ. ಕೊನೆಯ ಹಾಡು 'ಇನಮೊರಾಟಾ' 11 ನಿಮಿಷ ದಾಟುತ್ತದೆ, ಮತ್ತು ಒಂದು ಗಂಟೆಗೂ ಮೀರಿದ ಅಬ್ಬರವನ್ನು ಕೇಳಿ ದಣಿದ ಕಿವಿಗೆ ಅದು ಎಳೆದಾಟವೆನಿಸಿದರೆ ಆಶ್ಚರ್ಯವಿಲ್ಲ. ಮರುದಿನ ಅದೊಂದನ್ನೇ ಕೇಳಿದರೆ, ನಡುವೆ ಗಿಟಾರುಗಳು ತಗ್ಗಿ ರಾಬರ್ಟ್ ಟ್ರುಹಿಯೋ ಅವರ ಬಾಸ್ ಗಿಟಾರು ಮುಂದೆ ಬರುವ ಭಾಗ ಹಾಡಿಗೆ ಎಷ್ಟು ಉಸಿರು ಕೊಡುತ್ತದೆ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಆಲ್ಬಮ್‌ನ ಅತ್ಯುತ್ತಮ ಹಾಡು ಅದೇ.

ಸಂಯೋಜನೆಯ ದೋಷವನ್ನೂ ಧ್ವನಿಮುದ್ರಣದ ದೋಷವನ್ನೂ ಬೆರೆಸಿ ಬರೆಯಬಾರದು. ಅವಸರದ ವಿಮರ್ಶೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೆಟಾಲಿಕಾದ್ದೇ ಆದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಆಗಿನ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ಅವರ ಬಾಸ್ ಬಹುತೇಕ ಕೇಳಿಸದಿರುವುದಕ್ಕೆ ಕಾರಣ ಮಿಕ್ಸಿಂಗ್‌ನ (ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಕೆಲಸದ) ನಿರ್ಧಾರವೇ ಹೊರತು ಅವರ ಕೈಚಳಕದ ಕೊರತೆಯಲ್ಲ. 2008ರ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ಸದ್ದನ್ನು ವಿಪರೀತ ಒತ್ತಿ ಏರಿಸಿದ್ದರಿಂದ ಧ್ವನಿ ಒಡೆಯುತ್ತಿದೆಯೆಂದು ಕೇಳುಗರು ದೂರಿದರು. ಅವೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಆಟದಲ್ಲಿ ಹೆಚ್ಚು ನಿಚ್ಚಳವಾಗಿ ಕೇಳಿಸಿದ್ದವು. ಹಾಗೆಂದು ಮೊದಲ ಕೇಳ್ಮೆಯ ಕಿರಿಕಿರಿಯನ್ನೆಲ್ಲ ಅನುಮಾನಿಸಬೇಕಿಲ್ಲ: 2003ರ 'ಸೇಂಟ್ ಆ್ಯಂಗರ್'ನ ಸ್ನೇರ್ ಡ್ರಮ್ ತಗಡು ಬಡಿದಂತಿದೆ ಎಂದು ಅಂದು ಗೊಣಗಿದವರು ಇಂದಿಗೂ ಗೊಣಗುತ್ತಲೇ ಇದ್ದಾರೆ, ನಾನೂ ಅವರಲ್ಲೊಬ್ಬ.

ಹಳೆಯ ಆಲ್ಬಮ್‌ನೊಡನೆ ಹೋಲಿಸುವಾಗ ಎರಡರ ವಾಲ್ಯೂಮ್ ಕಿವಿಗೆ ಸಮನಾಗಿರುವಂತೆ ಹೊಂದಿಸಿಕೊಳ್ಳಬೇಕು, ಏಕೆಂದರೆ ಜೋರಾಗಿರುವುದೇ ಉತ್ತಮವೆಂದು ಕಿವಿ ಸುಲಭವಾಗಿ ನಂಬಿಬಿಡುತ್ತದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾವನ್ನು ಕಣ್ಣಾರೆ ಕಂಡವರು, ಆ ರಾತ್ರಿಯ ಜನಸಾಗರದ ಕೂಗನ್ನು ಹೊಸ ಹಾಡುಗಳಿಂದಲೂ ನಿರೀಕ್ಷಿಸುವುದು ಸರಿಯಲ್ಲ. ಬರಹದ ಆರಂಭದಲ್ಲೇ ಎಷ್ಟು ಸಲ, ಯಾವ ಹೆಡ್‌ಫೋನ್ ಅಥವಾ ಸ್ಪೀಕರಿನಲ್ಲಿ ಕೇಳಿದಿರಿ ಎಂದು ತಿಳಿಸಿ, ದಿನಾಂಕ ಹಾಕಿ. ತಿಂಗಳ ನಂತರ ಅಭಿಪ್ರಾಯ ಬದಲಾದರೆ ಹಳೆಯ ವಾಕ್ಯಗಳನ್ನು ತಿದ್ದದೆ, ಹೊಸದನ್ನು ಅದರ ಕೆಳಗೆ ಬೇರೆ ದಿನಾಂಕದೊಂದಿಗೆ ಸೇರಿಸಿ.